ಒಂದು ಡಿಗ್ರಿ ಎಲ್ಲಿ ಹೋಯ್ತು?



ಜೆ.ಪಿ. ನಗರದ ಒಂದು ಶಾಲೆಯ ಏಳನೇ ತರಗತಿ ಎಂದಿಟ್ಟುಕೊಳ್ಳೋಣ. ಗಣಿತದ ಮೇಡಂ ಜಿಯೋಜೀಬ್ರಾ ತಂತ್ರಾಂಶದಲ್ಲಿ ತ್ರಿಭುಜ ಎಳೆದು, ಅದರ ಶೃಂಗವನ್ನು ಮೌಸ್ ಹಿಡಿದು ಅತ್ತಿತ್ತ ಜಗ್ಗುತ್ತಿದ್ದಾರೆ. ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಬಿಟ್ಟು ಅಲುಗುವುದಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪರದೆಯ ಅಂಕಿಗಳನ್ನು ತಾನೇ ಕೂಡಿ ಎದ್ದು ನಿಲ್ಲುತ್ತಾಳೆ: "ಮಿಸ್, 60, 60, 59. ಒಂದು ಡಿಗ್ರಿ ಎಲ್ಲಿ ಹೋಯ್ತು?"

ಅಸಲಿಗೆ ಆ ಕೋನಗಳು 60.4, 60.4 ಮತ್ತು 59.2. ತಂತ್ರಾಂಶ ದಶಮಾಂಶ ಬಿಟ್ಟು ಪೂರ್ಣಾಂಕ ತೋರಿಸಿದೆ. ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲಾಗಿದ್ದರೆ "ಕಂಪ್ಯೂಟರ್ ಹಾಗೇ ತೋರಿಸುತ್ತೆ, ಕೂತ್ಕೋ" ಎಂದುಬಿಡುತ್ತಿದ್ದರೇನೋ. ಪ್ರೊಜೆಕ್ಟರ್ ಕೈಕೊಡದೆ ಪಾಠ ಮುಗಿದರೆ ಸಾಕು ಎಂಬುದೇ ಆಗಿನ ಗುರಿ. ಈಗ ಅವರು ಮೌಸನ್ನು ಆ ಹುಡುಗಿಯ ಕೈಗೇ ಕೊಟ್ಟು, ದಶಮಾಂಶ ಸ್ಥಾನ ಹೆಚ್ಚಿಸಲು ಹೇಳುತ್ತಾರೆ. ಕಳೆದುಹೋದ ಡಿಗ್ರಿ ಸಿಕ್ಕಿದ ಮೇಲೆ ಪರದೆ ಆರಿಸಿ, ಕಪ್ಪುಹಲಗೆಯ ಮೇಲೆ ಸಮಾಂತರ ರೇಖೆ ಎಳೆದು ಸಾಧನೆ ಶುರುಮಾಡುತ್ತಾರೆ. ಸಾವಿರ ತ್ರಿಭುಜ ಜಗ್ಗಿ ನೋಡಿದರೂ ಅದು ಸಾಧನೆ ಆಗುವುದಿಲ್ಲ ಎಂದು ಅವರಿಗೆ ಗೊತ್ತು. ಪಾಠ ಮುಗಿಸುವುದು ಆಗಿನ ಗುರಿ, ಮಗುವಿಗೆ ಅರ್ಥವಾಗುವುದು ಈಗಿನದು. ಈ ಎರಡು ಗುರಿಗಳ ನಡುವೆ ಶಿಕ್ಷಕಿ ನಡೆದ ದೂರವೇ ಬನಶಂಕರಿಯಲ್ಲಿ ನಡೆಯುತ್ತಿರುವ ಈ ಶಿಕ್ಷಕರ ವಿಚಾರ ಸಂಕಿರಣದ ವಿಷಯ.

ಆ ದಾರಿಯ ದೊಡ್ಡ ಭಾಗ ಹಾದುಹೋಗುವುದು ಇದೇ ದಕ್ಷಿಣ ಬೆಂಗಳೂರಿನಲ್ಲಿ. 2001ರ ಮಾಹಿತಿ ಸಿಂಧು ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಆದರೆ ಅದನ್ನು ಕಲಿಸುವವರೂ ಹೊರಗಿನ ಏಜೆನ್ಸಿಗಳಿಂದಲೇ ಬಂದರು. ವಿಷಯ ಶಿಕ್ಷಕರು ಲ್ಯಾಬಿನ ಬಾಗಿಲಾಚೆ ಉಳಿದರು. ಹತ್ತು ವರ್ಷದ ಬಳಿಕ, 2011ರಲ್ಲಿ, ಬನಶಂಕರಿ ಮೂರನೇ ಹಂತದ ರಿಂಗ್ ರಸ್ತೆಯಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ (ಆರ್‌ಎಂಎಸ್‌ಎ) ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆ ಆರಂಭಿಸಿದಾಗ ಆ ಬಾಗಿಲು ತೆರೆಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳೇ ಉಬುಂಟು, ಜಿಯೋಜೀಬ್ರಾಗಳ ಮುಂದೆ ಕೂತರು. ಅವರು ಸೇರಿ ಕಟ್ಟಿದ್ದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ: ಕನ್ನಡದಲ್ಲಿ ಪಾಠದ ಸಾಮಗ್ರಿ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳುವಂತೆ.

ತಿದ್ದಿಕೊಳ್ಳುವುದು ಎಂದರೆ ಸಣ್ಣ ಮಾತಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಮಾಡಿಸಿದ ಪ್ರಶ್ನೆಪತ್ರಿಕೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನೇ ಯುನಿಕೋಡ್‌ನಲ್ಲಿ ಟೈಪು ಮಾಡಿದರೆ ಫೋನಿನಲ್ಲೂ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ, ಬೀದರಿನ ಶಿಕ್ಷಕರು ತಮ್ಮೂರಿನ ಉದಾಹರಣೆ ಸೇರಿಸಿಕೊಳ್ಳಬಹುದು. ಯುನಿಕೋಡ್ ಕನ್ನಡ ಕಲಿಯುವುದು ಒಬ್ಬ ಶಿಕ್ಷಕಿ ಇಟ್ಟುಕೊಳ್ಳಬಹುದಾದ ಅತ್ಯುತ್ತಮ ಗುರಿಗಳಲ್ಲಿ ಒಂದು.

ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಶಿಕ್ಷಕರ ಐಸಿಟಿ ಸಾಮರ್ಥ್ಯ ಚೌಕಟ್ಟು ಮೂರು ಹಂತ ಹೇಳುತ್ತದೆ: ಜ್ಞಾನ ಗಳಿಸುವುದು, ಆಳಗೊಳಿಸುವುದು, ಸೃಷ್ಟಿಸುವುದು. ನಮ್ಮ ತರಬೇತಿಗಳು ಮೊದಲ ಹಂತಕ್ಕೇ ಸರ್ಟಿಫಿಕೇಟ್ ಕೊಟ್ಟು ಮನೆಗೆ ಕಳಿಸುತ್ತವೆ. ಇದು ಸಾಲದು.

ಇನ್ನೊಂದು ಗುರಿಯನ್ನು ಯಾವ ಚೌಕಟ್ಟಿಗಿಂತಲೂ ಚೆನ್ನಾಗಿ 2020 ಕಲಿಸಿತು. ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಬಂದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಮೊದಲು ಮಾಡಿದ ಕೆಲಸ ಮಕ್ಕಳನ್ನು ಮೂರು ಗುಂಪು ಮಾಡಿದ್ದು: ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಏನೂ ಇಲ್ಲದವರು. ಆಮೇಲೆ ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ನಡೆಯಿತು. ಕೊಳ್ಳೇಗಾಲದಲ್ಲೋ ಕಲಬುರಗಿಯಲ್ಲೋ ಅಷ್ಟೇ ಅಲ್ಲ, ಬಿಟಿಎಂ ಲೇಔಟಿನ ಒಂದೇ ಬೀದಿಯಲ್ಲೂ ಈ ಮೂರೂ ಬಗೆಯ ಮನೆಗಳಿವೆ. ಯಾವ ಮಗುವಿನ ಕೈಯಲ್ಲಿ ಏನಿದೆ ಎಂದು ತಿಳಿಯದೆ ವಿಡಿಯೋ ಹಂಚುವ ಶಿಕ್ಷಕ ಮೂರನೇ ಗುಂಪನ್ನು ತರಗತಿಯಿಂದ ಹೊರಗಿಟ್ಟಂತೆ.

ಈಗ ಪಾಠಯೋಜನೆಯನ್ನು ಕ್ಷಣದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆ ಬಂದಿದೆ. ಅದು ಆ ಹುಡುಗಿಯ ಪ್ರಶ್ನೆಗೂ ಉತ್ತರ ಕೊಟ್ಟೀತು. ಪ್ರಶ್ನೆಯನ್ನು ತರಗತಿಯ ಮುಂದಿಟ್ಟು ಎರಡು ನಿಮಿಷ ಕಾಯುವ ತೀರ್ಮಾನ ಮಾತ್ರ ಮೇಡಂ ಅವರದೇ.

ಮಧ್ಯಾಹ್ನದ ಗುಂಪು ಚರ್ಚೆಗೆ ಕೂರುವ ಪ್ರತಿಯೊಬ್ಬರಲ್ಲೂ ಒಂದು ವಿನಂತಿ. ಮುಂದಿನ ವರ್ಷದ ಒಂದೇ ಒಂದು ಗುರಿ ಬರೆಯಿರಿ: ಯಾವ ಪಾಠ, ಮಕ್ಕಳು ಅದರಲ್ಲಿ ಎಡವುವುದು ಎಲ್ಲಿ, ಅದಕ್ಕೆ ಯಾವ ಸಾಧನ, ಅದನ್ನು ಆಫ್ ಮಾಡುವುದು ಯಾವಾಗ. ಸಾಧನದ ಹೆಸರಿನಿಂದ ಶುರುವಾದ ಹಾಳೆ ಇದ್ದರೆ ದಯವಿಟ್ಟು ಪಕ್ಕಕ್ಕಿಟ್ಟು, ಮಗು ಎಡವುವ ಜಾಗದಿಂದ ಮತ್ತೆ ಬರೆಯಿರಿ.