ನಡುವೆ ನಿಂತವರು



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಸಂಪರ್ಕ ತಂತ್ರಜ್ಞಾನ ಮತ್ತು ಸಾಮಾಜಿಕ ಬದುಕು’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ಹೊಲವನ್ನು ಒಂದು ಸಂಜೆಯಲ್ಲಿ ಉಳುವುದು ನನ್ನಿಂದಾಗದು. ಒಂದೇ ಮೂಲೆಗೆ ಹೋಗುತ್ತೇನೆ. ಮೊದಲು ಇಬ್ಬರ ಮಾತಿನ ನಡುವೆ ಮೂರನೆಯವರೊಬ್ಬರು ಇರುತ್ತಿದ್ದರಲ್ಲ, ಅವರ ಬಗ್ಗೆ ನಾಲ್ಕು ಮಾತು.

ನಾನು ಬೆಳೆದದ್ದು ಕಿತ್ತೂರಿನ ಹತ್ತಿರದ ಹಳ್ಳಿಯಲ್ಲಿ. ಕಿತ್ತೂರು ಅಂದರೆ ಎಲ್ಲರಿಗೂ ಚೆನ್ನಮ್ಮ ನೆನಪಾಗುತ್ತಾಳೆ. ದೂರವಾಣಿಯ ಚರಿತ್ರೆಯಲ್ಲೂ ಆ ಊರಿಗೊಂದು ಜಾಗ ಇದೆ ಅನ್ನುವುದು ಅಲ್ಲಿಯವರಲ್ಲೇ ಅನೇಕರಿಗೆ ಗೊತ್ತಿಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ಮಾಡಿತು. ಏರ್ ಕಂಡೀಷನ್ ಕೇಳದ, ನಮ್ಮ ಸೆಕೆ ದೂಳಿನಲ್ಲೇ ನಡೆಯುವ ಯಂತ್ರ. ಅದು ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ಕಿತ್ತೂರಿನಲ್ಲಿ.

ಹಾಗಂತ ಮನೆಮನೆಗೆ ಫೋನು ಬರಲಿಲ್ಲ. ನಮ್ಮೂರಿಗೆ ಬಂದದ್ದು ಒಂದು, ಕಿರಾಣಿ ಅಂಗಡಿಗೆ. ಅಂಗಡಿಯ ಹುಡುಗ ಓಡಿ ಬಂದು ಬಾಗಿಲಲ್ಲಿ ಕೂಗುತ್ತಿದ್ದ: “ಅವ್ವಾರ, ಬೆಳಗಾವಿಂದ ಫೋನ್ ಬಂದೈತ್ರಿ, ಹತ್ತು ನಿಮಿಷ ಬಿಟ್ಟು ಮತ್ತ ಮಾಡ್ತಾರಂತ!” ಅವ್ವ ಕೈತೊಳೆದು, ಸೆರಗು ಹೊದ್ದು ಹೊರಡುವಷ್ಟರಲ್ಲಿ ಓಣಿಗೆಲ್ಲ ಸುದ್ದಿ. ಬೆಳಗಾವಿ ದೂರವಾದ್ದರಿಂದ ದೊಡ್ಡ ದನಿಯಲ್ಲೇ ಮಾತಾಡಬೇಕು. ಅಂಗಡಿಯವರು ಸಕ್ಕರೆ ತೂಗುತ್ತಲೇ ಎಲ್ಲ ಕೇಳಿಸಿಕೊಂಡು, ರಿಸೀವರ್ ಇಟ್ಟ ಮೇಲೆ, “ಹೆರಿಗಿ ಆತಂತೇನ್ರಿ?” ಅನ್ನುವರು.

ಇದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಇದ್ದಾರೆ. ನನಗೆ ಆ ಕಾಲ ಬೇಡ. ಗಂಡನ ಮನೆಯಲ್ಲಿ ಹೊಡೆತ ತಿನ್ನುತ್ತಿದ್ದ ಹುಡುಗಿ ಆ ಫೋನಿನಲ್ಲಿ ತಾಯಿಗೆ ಏನು ಹೇಳಿಯಾಳು? ಆಚೆ ತುದಿಯಲ್ಲೂ ಯಾರದೋ ಪಡಸಾಲೆ, ಈಚೆ ತುದಿಯಲ್ಲೂ ಯಾರದೋ ಕಟ್ಟೆ. “ಆರಾಮದೀನವ್ವಾ” ಎಂದು ಇಡುತ್ತಿದ್ದಳು. ಎಸ್‌ಟಿಡಿ ಬೂತು ಬಂದಾಗ ಗಾಜಿನ ಬಾಗಿಲಾದರೂ ಸಿಕ್ಕಿತು. ಆದರೆ ಎದುರಿಗೆ ಮೀಟರಿನ ಕೆಂಪು ಅಂಕಿ ಓಡುತ್ತಿದ್ದರೆ ಅಳುವುದಕ್ಕೂ ಲೆಕ್ಕ. ಮೊಬೈಲಿಗೆ 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಆಮೇಲೆ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು, ಮೆಲ್ಲಗೆ ಮಾತಾಡುವ ಹೆಣ್ಣುಮಕ್ಕಳನ್ನು ನೋಡಿದೆ. ಅದರ ಬೆಲೆ ಗೊತ್ತಿರುವುದು ಅವರಿಗೇ.

ನಡುವೆ ನಿಂತವರಲ್ಲಿ ಇನ್ನೊಂದು ಜಾತಿಯವರೂ ಇದ್ದರು. ನಮ್ಮ ಟಪಾಲಿನವರು. ತಾರು ತರುವುದೂ ಅವರೇ. ತಂತಿಗೆ ನಮ್ಮ ಕಡೆ ತಾರು ಅನ್ನುತ್ತಾರೆ. ಅದು ಇಂಗ್ಲಿಷಿನಲ್ಲಿ ಇರುತ್ತಿದ್ದುದರಿಂದ ಓದಿ ಹೇಳಲು ಮಾಸ್ತರರು ಬೇಕು. ‘ಸೀರಿಯಸ್, ಕೂಡಲೇ ಹೊರಡು’ ಎಂದಿದ್ದರೆ ಜೀವ ಹೋಗಿದೆ ಎಂದೇ ಅರ್ಥ. ನಮ್ಮ ಸೋದರಮಾವ ತೀರಿಕೊಂಡಾಗ ಟಪಾಲಿನವರು ನೇರ ನಮ್ಮ ಮನೆಗೆ ಬರಲಿಲ್ಲ. ಪಕ್ಕದ ಮನೆಯ ಕಾಕೂನನ್ನು ಕರೆದು, “ಅವರದು ಊಟ ಆಗೇತೇನು ನೋಡಿ ಬರ್ರಿ” ಅಂದರು. ಆಗಿರಲಿಲ್ಲ. ಬೇವಿನ ಮರದ ಕೆಳಗೆ ಸೈಕಲ್ಲಿಗೆ ಒರಗಿ ನಿಂತರು. ಕಾಕೂ ಒಳಗೆ ಬಂದು, ಇಲ್ಲದ ಮಾತು ತೆಗೆದು, ಅವ್ವ ಎರಡು ರೊಟ್ಟಿ ತಿನ್ನುವವರೆಗೂ ಕೂತಳು. ಒಮ್ಮೆ ಸುದ್ದಿ ಹೇಳಿದ ಮೇಲೆ ಆ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ತಾರಿನ ಕಾಗದ ಅವರ ಜೇಬಿನಲ್ಲಿ ಇದ್ದದ್ದು ಅರ್ಧ ಗಂಟೆ. ಇಲಾಖೆಯ ಲೆಕ್ಕದಲ್ಲಿ ಅದು ವಿಳಂಬ.

2013ರ ಜುಲೈಯಲ್ಲಿ ದೇಶದ ತಂತಿ ಸೇವೆಯೇ ಮುಗಿಯಿತು. ಕಳೆದ ವರ್ಷ ನಮ್ಮ ಕಾಕಾ ತೀರಿಕೊಂಡದ್ದು ನನಗೆ ತಿಳಿದದ್ದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಆಫೀಸಿನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿದ್ದೆ. ಹೂವಿನ ಚೌಕಟ್ಟಿನೊಳಗೆ ಕಾಕಾನ ಫೋಟೊ, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಕಳಿಸಿದವನ ತಪ್ಪೇನೂ ಇಲ್ಲ. ನಾನು ಆಗ ಉಣ್ಣುತ್ತಿದ್ದೇನೆಂದು ಅವನಿಗೆ ತಿಳಿಯುವುದು ಹೇಗೆ?

ಸುದ್ದಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಒಂದು ಗಳಿಗೆ ಯೋಚಿಸುವವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಘೋರವಾದ ನಿದರ್ಶನವೂ ನಮ್ಮ ನಾಡಿನಲ್ಲೇ ಇದೆ. 2018ರ ಜುಲೈ, ಬೀದರ್ ಜಿಲ್ಲೆಯ ಮುರ್ಕಿ. ಮಕ್ಕಳ ಕಳ್ಳರ ವದಂತಿ ಎಲ್ಲೆಡೆ ಹರಿದಾಡುತ್ತಿದ್ದ ದಿನಗಳು. ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನ ಅನುಮಾನಪಟ್ಟು ಸುತ್ತುವರಿದಾಗ ಕಾರು ಹತ್ತಿ ಓಡಿದರು. ಕಾರಿಗಿಂತ ಮೊದಲೇ ಅವರ ವಿಡಿಯೊ ವಾಟ್ಸ್‌ಆ್ಯಪಿನಲ್ಲಿ ಮುಂದಿನೂರು ಮುಟ್ಟಿತ್ತು. ಜನ ರಸ್ತೆಗೆ ಅಡ್ಡ ಕಟ್ಟಿ ಕಾಯುತ್ತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅದೇ ತಿಂಗಳು, ಬಂದ ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ಪ್ರಕಟಿಸಿತು. ಬೇವಿನ ಮರದ ಕೆಳಗೆ ನಿಂತವರ ಕೆಲಸವನ್ನು ಈಗ ಒಂದು ಅಂಕಿಗೆ ವಹಿಸಿದ್ದಾರೆ.

ಇಷ್ಟು ಹೇಳಿ ಅವ್ವನ ವಿಷಯ ಬಿಟ್ಟರೆ ಅನ್ಯಾಯವಾದೀತು. ಅವ್ವನಿಗೆ ಓದು ಬರಹ ಬರುವುದಿಲ್ಲ. ಜೀವಮಾನವೆಲ್ಲ ಅವಳ ಕಾಗದ ಬರೆದವರು ಬೇರೆ, ಓದಿದವರು ಬೇರೆ. ಅವಳು ಹೇಳಿದ ಬೈಗುಳವನ್ನು ಮಾಸ್ತರರು ‘ಇತ್ತ ಕಡೆ ಎಲ್ಲರೂ ಕ್ಷೇಮ’ ಎಂದು ಬರೆಯುತ್ತಿದ್ದರಂತೆ! ಈಗ ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ: ಮೈಕಿನ ಗುರುತು ಒತ್ತಿ ಹಿಡಿ, ಮಾತಾಡು, ಬಿಡು. ಅವಳ ಬೈಗುಳ ಈಗ ಯಾರ ತಿದ್ದುಪಡಿಯೂ ಇಲ್ಲದೆ ಬೆಂಗಳೂರಿಗೆ ಬರುತ್ತದೆ.

ಬೆರಳು ಬಿಡುವುದನ್ನು ಮಾತ್ರ ಮರೆಯುತ್ತಾಳೆ. ಹೋದ ವಾರ ಬಂದದ್ದರಲ್ಲಿ ಕೊನೆಗೆ “ಇಡ್ತೀನಿ ಮತ್ತ” ಅಂದ ಮೇಲೂ ಸ್ವಲ್ಪ ಹೊತ್ತು ಉಳಿದಿತ್ತು. ಕುಕ್ಕರಿನ ಸೀಟಿ. ಯಾರೋ ಚಪ್ಪಲಿ ಬಿಟ್ಟ ಸಪ್ಪಳ. ಪಕ್ಕದ ಮನೆಯ ಕಾಕೂನ ದನಿ:

“ಯಾರ ಕೂಡ ಮಾತಾಡಾಕತ್ತೀಯವ್ವಾ?”

“ಮಗನ ಕೂಡ.”

“ಏನಂದ?”

“ಇನ್ನಾ ಕೇಳಿಲ್ಲವಾ.”