ಕಾಗದದ ಶಾಸನಗಳು

ನಮ್ಮ ಮೊಳಕಾಲ್ಮೂರು ಸೀಮೆಯವರಿಗೆ ಶಾಸನವೆಂಬುದು ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಬರಹಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ನಾನಿಂದು ಹೇಳಹೊರಟಿರುವುದು ಮತ್ತೊಂದು ಬಗೆಯ ಶಾಸನಗಳನ್ನು ಕುರಿತು. ಅವು ಕಾಗದದವು: ಹಳೆಯ ರೈಲ್ವೆ ಕಂಪನಿಗಳ ಷೇರುಪತ್ರಗಳು.

ಅಂಚೆಚೀಟಿ, ನಾಣ್ಯಗಳಂತೆ ಇವನ್ನೂ ಕೂಡಿಡುವ ಹವ್ಯಾಸಕ್ಕೆ 1970ರ ದಶಕದಲ್ಲಿ ಯುರೋಪಿನಲ್ಲಿ ಬಲ ಬಂದಿತು. ಸಂಗ್ರಾಹಕರು ಚಿತ್ರದ ಅಂಚು, ಮುದ್ರೆ, ಸಹಿಗಳನ್ನು ನೋಡಿ ಬೆಲೆ ಕಟ್ಟುತ್ತಾರೆ. ನಾನಾದರೋ ಮೊದಲು ಹುಡುಕುವುದು ಬಡ್ಡಿಯ ಮಾತನ್ನು.

ಅದಕ್ಕೆ ಕಾರಣವುಂಟು. 1850ರ ದಶಕದಲ್ಲಿ ಮದರಾಸು ರೈಲ್ವೆಯಂಥ ಕಂಪನಿಗಳು ಲಂಡನ್ನಿನಲ್ಲಿ ಬಂಡವಾಳವೆತ್ತಿದಾಗ, ಷೇರುದಾರರಿಗೆ ನೂರಕ್ಕೆ 5ರಂತೆ ಬಡ್ಡಿಯ ಖಾತರಿಯಿತ್ತು. ಗಾಡಿ ಲಾಭ ತರಲಿ, ಬಿಡಲಿ, ಬಡ್ಡಿ ತಪ್ಪುವಂತಿರಲಿಲ್ಲ. ಕೊರತೆಯನ್ನು ತುಂಬುತ್ತಿದ್ದುದು ಭಾರತದ ಬೊಕ್ಕಸ. ಆ ಬೊಕ್ಕಸಕ್ಕೆ ಕಂದಾಯ ತೆರುತ್ತಿದ್ದವನು ನಮ್ಮ ರೈತ. ಷೇರುಪತ್ರದ ಮೇಲೆ ಹಣ ಹೂಡಿದವನ ಹೆಸರಿದೆ. ಹೊರೆ ಹೊತ್ತವನ ಹೆಸರಿಲ್ಲ.

1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಬರದ ನಾಡಿಗೆ ಧಾನ್ಯ ಸಾಗಿಸಲು ರೈಲು ಬೇಕೆಂಬ ಮಾತು ಆಗ ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದಕ್ಕೂ ಖಾತರಿಯೇ ಆಧಾರ. ಸಂಸ್ಥಾನವು ತಾನೇ ಹಾಕಿಸಿದ್ದ ಹಳಿಗಳನ್ನು, 1886ರಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಸಾಲದ ನಿಮಿತ್ತ ಇದೇ ಕಂಪನಿಯ ವಶಕ್ಕೆ ಒಪ್ಪಿಸಬೇಕಾಯಿತು. 1889ರಲ್ಲಿ ಬೆಂಗಳೂರಿನ ಗಾಡಿ ಹರಿಹರವನ್ನು ಮುಟ್ಟಿತು. ನಮ್ಮೂರಿನವರಿಗೆ ಮಾತ್ರ 1990ರ ದಶಕದವರೆಗೂ ರೈಲೆಂದರೆ ನೆರೆಯ ರಾಯದುರ್ಗವೇ.

ಹಳಿ ಬಂದದ್ದು ಒಳಿತೇ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ಒಳಿತಿನ ಬೆಲೆಯನ್ನು ಯಾರು ತೆತ್ತರೆಂಬುದನ್ನು ಮರೆತರೆ ಚರಿತ್ರೆ ಅರ್ಧವಾಗುತ್ತದೆ.

1908ರಲ್ಲಿ ಈ ಎರಡು ರೈಲ್ವೆಗಳು ಕೂಡಿ ಮದರಾಸು ಮತ್ತು ಸದರ್ನ್ ಮರಾಠಾ ರೈಲ್ವೆಯಾಯಿತು. 1944ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಷೇರುಪತ್ರಗಳು ಬರಿಯ ಕಾಗದವಾದವು. ಇಂದಿನ ಷೇರುಗಳಾದರೋ ಬಹುಮಟ್ಟಿಗೆ ಕಂಪ್ಯೂಟರಿನ ಲೆಕ್ಕದಲ್ಲಷ್ಟೇ ಇವೆ. ಮುಂದಿನವರಿಗೆ ಇಂಥ ಹಾಳೆ ಉಳಿಯದು.

ಆದುದರಿಂದ ಹಿರಿಯರ ಪೆಟ್ಟಿಗೆಯಲ್ಲಿ ಇಂಥದೊಂದು ಪತ್ರ ದೊರೆತರೆ ರದ್ದಿಗೆ ಹಾಕಬೇಡಿ. ಚಿತ್ರವನ್ನು ಮೆಚ್ಚಿರಿ, ಆಮೇಲೆ, ಬಂಡೆಯ ಬರಹವನ್ನು ಓದುವಷ್ಟೇ ತಾಳ್ಮೆಯಿಂದ, ಅದರ ಕರಾರನ್ನೂ ಓದಿರಿ.