ರೂತಳು ಹಕ್ಕಲಾಯ್ದ ಹೊಲ

(ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುಗ್ಗಿಯ ಆರಾಧನೆ ಮುಗಿದ ಮೇಲೆ ಆಡಿದ ಮಾತುಗಳ ಬರಹರೂಪ)



ಈಗಷ್ಟೇ ನೀವು ತೊಗರಿ, ಹಸಿ ಕಡಲೆ, ಜೋಳದ ತೆನೆಗಳನ್ನು ದೇವರ ಮುಂದೆ ತಂದಿಟ್ಟಿರಿ. ಇನ್ನು ಸ್ವಲ್ಪ ಹೊತ್ತಿಗೆ ಅವುಗಳ ಸವಾಲು ನಡೆಯುತ್ತದೆ. ಅಷ್ಟರೊಳಗೆ ಮಾತು ಮುಗಿಸಬೇಕೆಂದು ಪಾಸ್ಟರು ಹೇಳಿದ್ದಾರೆ. ನಾನು ನಿಮ್ಮ ಸಭೆಯವನಲ್ಲ. ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು, ಬೈಬಲನ್ನು ಕಥೆಯೆಂದು ಓದಿದವನು. ಉಪದೇಶ ನನ್ನಿಂದಾಗದು. ಅದರೊಳಗಿನ ನಾಲ್ಕೇ ಅಧ್ಯಾಯಗಳ ರೂತಳ ಕಥೆಯನ್ನು ಆಳಂದ, ಅಫಜಲಪುರ, ಜೇವರ್ಗಿಯ ಎರೆ ಹೊಲದ ಬದುವಿನ ಮೇಲೆ ಕೂತು ಓದಿದರೆ ಏನು ಕಾಣುತ್ತದೆ, ಅಷ್ಟನ್ನೇ ಹೇಳುತ್ತೇನೆ.

ಬೈಬಲು ಪೂರ್ತಿಯಾಗಿ ಕನ್ನಡಕ್ಕೆ ಬಂದದ್ದು 1830ರ ಆಸುಪಾಸಿನಲ್ಲಿ, ಬಳ್ಳಾರಿಯ ಲಂಡನ್ ಮಿಷನ್ನಿನವರ ಶ್ರಮದಿಂದ. ನಿಜಾಮನ ಆಡಳಿತದಲ್ಲಿದ್ದ ನಮ್ಮ ಸೀಮೆಗೆ ಮೆಥಡಿಸ್ಟರು ಬಂದದ್ದು ಅದಕ್ಕೂ ಬಹಳ ತಡವಾಗಿ, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಗುಲಬರ್ಗಾ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಬೇರೆಯಾಗಿ ರೂಪುಗೊಂಡದ್ದಂತೂ 2005ರಲ್ಲಿ. ಹಳ್ಳಿಯ ಸಭೆಗಳಿಗೆ ಸೇರಿದವರಲ್ಲಿ ಹೆಚ್ಚಿನವರು ದಲಿತ ಕುಟುಂಬದವರು, ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತವರು, ರಾಶಿ ಮಾಡಿದವರು. ಅವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾದ ಕಷ್ಟ ಬೋಧಕರಿಗೆ ಇದ್ದಿರಲಾರದು.

ಯಾಕೆಂದರೆ ಕಥೆ ಶುರುವಾಗುವುದೇ ಬರದಿಂದ. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲೇ ರೊಟ್ಟಿ ಇಲ್ಲದಾಗಿ ಎಲೀಮೆಲೆಕ ಎಂಬವನು ಹೆಂಡತಿ ನೊವೊಮಿ ಮತ್ತು ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಮೋವಾಬ್ ದೇಶಕ್ಕೆ ಹೋಗುತ್ತಾನೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಗುಳೆ ಹೋಗುತ್ತಾನೆ. ನಮ್ಮವರು ಮುಂಬಯಿಗೆ, ಪುಣೆಗೆ, ಹೈದರಾಬಾದಿಗೆ ಹೋದ ಹಾಗೆ. ಅಲ್ಲಿ ಅವನು ಸಾಯುತ್ತಾನೆ. ಮಕ್ಕಳಿಬ್ಬರೂ ಅಲ್ಲಿಯವರನ್ನೇ ಮದುವೆಯಾಗುತ್ತಾರೆ. ಹತ್ತು ವರ್ಷದೊಳಗೆ ಅವರೂ ಇಲ್ಲ. ಒಂದೇ ಮನೆಯಲ್ಲಿ ಮೂವರು ವಿಧವೆಯರು. ಊರಲ್ಲಿ ಮಳೆ-ಬೆಳೆ ಸರಿಹೋಗಿದೆ ಎಂಬ ಸುದ್ದಿ ಕೇಳಿ ಮುದುಕಿ ಹಿಂದಿರುಗುತ್ತಾಳೆ. ಬರಬೇಡವೆಂದರೂ ಕೇಳದೆ ಒಬ್ಬ ಸೊಸೆ, ರೂತಳು, ಜೊತೆಗೆ ಬರುತ್ತಾಳೆ.

ನೊವೊಮಿ ಎಂಬ ಹೆಸರಿಗೆ ಹಿತವಾದವಳು ಎಂಬರ್ಥ. ಊರ ಹೆಂಗಸರು ಆ ಹೆಸರು ಹಿಡಿದು ಕರೆದಾಗ ಆಕೆ, ನನ್ನನ್ನು ಕಹಿ ಎಂದು ಕರೆಯಿರಿ, ದೇವರೇ ನನ್ನ ಬಾಳನ್ನು ಕಹಿ ಮಾಡಿದ್ದಾನೆ ಎನ್ನುತ್ತಾಳೆ. ಇಲ್ಲಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ಆ ಮಾತಿಗೆ ಅಲ್ಲಿ ಯಾರೂ ಎದುರಾಡುವುದಿಲ್ಲ. ಹಾಗನ್ನಬಾರದಮ್ಮಾ, ಎಲ್ಲಾ ಒಳ್ಳೆಯದಕ್ಕೇ ಎಂದು ಸಮಾಧಾನ ಹೇಳಲು ಯಾರೂ ಮುಂದೆ ಬರುವುದಿಲ್ಲ. ಕಥೆ ಬರೆದವನೂ ಆಕೆಯನ್ನು ತಿದ್ದಹೋಗುವುದಿಲ್ಲ. ಜವೆಗೋದಿಯ ಸುಗ್ಗಿ ಶುರುವಾಗಿತ್ತು ಎಂದಷ್ಟೇ ತಿಳಿಸಿ ಮುಂದೆ ಹೋಗುತ್ತಾನೆ.

ನಮ್ಮಲ್ಲಿ ಹಾಗಾಗುವುದಿಲ್ಲ. 1997-98ರಲ್ಲಿ ಕಾಯಿಕೊರಕ ಬಿದ್ದು ತೊಗರಿ ಹಾಳಾದಾಗ ಆಗಿನ ಗುಲಬರ್ಗಾ, ಬೀದರ ಜಿಲ್ಲೆಗಳಲ್ಲಿ ರೈತರು ಜೀವ ಕಳೆದುಕೊಂಡರು. ಅಲ್ಲಿಂದೀಚೆಗೆ ಆ ಸಾವು ನಿಂತಿಲ್ಲ. ಅಂಥ ಮನೆಗಳಿಗೆ ಹೋಗುವವರು, ಯಾವ ಧರ್ಮದವರಾದರೂ ಸರಿ, ಬಾಯಿಗೆ ಬಂದ ಬುದ್ಧಿಮಾತನ್ನು ಹೇಳಿಯೇ ಬರುತ್ತಾರೆ. ಕೆಲವರು ಅದು ಪಾಪ ಎಂದೂ ಹೇಳುತ್ತಾರೆ. ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ ಹಾಗೆ ಸತ್ತವರಿಗೆ ಶವಸಂಸ್ಕಾರದ ವಿಧಿಯನ್ನು ಬಳಸಕೂಡದೆಂದಿತ್ತು. ಕ್ಯಾಥೊಲಿಕರ 1917ರ ಧರ್ಮಸಂಹಿತೆಯಲ್ಲೂ ನಿಷೇಧವಿತ್ತು. 1983ರ ಸಂಹಿತೆ ಅದನ್ನು ಕೈಬಿಟ್ಟಿತು. 1992ರ ಅವರ ಧರ್ಮೋಪದೇಶ ಗ್ರಂಥವಂತೂ ತೀವ್ರ ಸಂಕಟದಲ್ಲಿ, ಭಯದಲ್ಲಿ ಮನುಷ್ಯನ ಹೊಣೆ ಕಡಿಮೆಯಾಗುತ್ತದೆಂದು ಒಪ್ಪಿ, ಅವರಿಗಾಗಿ ಸಭೆ ಪ್ರಾರ್ಥಿಸುತ್ತದೆ ಎನ್ನುತ್ತದೆ. ನಿಯಮ ಬದಲಾಗಿ ನಲವತ್ತು ವರ್ಷವಾಯಿತು. ಓಣಿಯ ನಾಲಿಗೆ ಬದಲಾಗಿಲ್ಲ.

ಹಾಗಾದರೆ ನೊವೊಮಿಗೆ ಸಿಕ್ಕಿದ್ದೇನು? ಮೊದಲು ಕಾಳು. ರೂತಳು ಹೊಲಕ್ಕೆ ಹೋಗಿ ಹಕ್ಕಲಾಯುತ್ತಾಳೆ. ಇದು ಯಾರೋ ಕನಿಕರಪಟ್ಟು ಹಾಕಿದ ಭಿಕ್ಷೆಯಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಯನ್ನು ಬಡವರಿಗೆ, ಪರದೇಶಿಗಳಿಗೆ ಬಿಡಬೇಕು ಎಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಕಾನೂನೇ ಇದೆ. ಹೊಲದ ಒಡೆಯ ಬೋವಜನು, ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಬಿಡಿರೆಂದು ಆಳುಗಳಿಗೆ ಹೇಳುತ್ತಾನೆ. ಮೊದಲ ದಿನವೇ ಆಕೆಗೆ ಸುಮಾರು ಒಂದು ಏಫಾ, ಅಂದರೆ ಇಪ್ಪತ್ತು ಲೀಟರಿಗೂ ಹೆಚ್ಚು, ಕಾಳು ಸಿಗುತ್ತದೆ. ಜೋಳ ಕೊಯ್ದ ಹೊಲದಲ್ಲಿ ಉಡಿ ತುಂಬಾ ತೆನೆ ಆಯ್ದ ತಾಯಂದಿರು ಇಲ್ಲೂ ಕೂತಿದ್ದೀರಿ. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಕ್ಕಲು ಎಷ್ಟು ಉಳಿಯುತ್ತದೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆಮೇಲೆ ಭೂಮಿ. ಕೊನೆಯ ಅಧ್ಯಾಯದಲ್ಲಿ ಬೋವಜ ಊರ ಬಾಗಿಲಿಗೆ ಹೋಗಿ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ಎಲೀಮೆಲೆಕನ ಹೊಲದ ವ್ಯವಹಾರ ಇತ್ಯರ್ಥ ಮಾಡುತ್ತಾನೆ. ಅದಕ್ಕೆ ಸಾಕ್ಷಿಯಾಗಿ ಒಬ್ಬ ತನ್ನ ಕೆರ ಬಿಚ್ಚಿ ಕೊಡುತ್ತಾನೆ. ಪ್ರವಚನಗಳಲ್ಲಿ ಈ ಭಾಗವನ್ನು ಅವಸರದಲ್ಲಿ ದಾಟಿಬಿಡುತ್ತಾರೆ, ಮದುವೆಯ ಸಂಭ್ರಮಕ್ಕೆ ಹೋಗುವ ಆತುರ. ನನಗಂತೂ ಇದೇ ಕಥೆಯ ಜೀವ. ಸತ್ತವನ ಹೆಸರು ಅವನ ಹೊಲದೊಂದಿಗೆ ಉಳಿಯಬೇಕು ಎಂಬುದು ಅಲ್ಲಿನ ಮಾತು.

ನಮ್ಮಲ್ಲಿ ಊರ ಬಾಗಿಲೆಂದರೆ ತಹಶೀಲ್ದಾರ ಕಚೇರಿ. ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ಕೊಡುವ ಪರಿಹಾರವನ್ನು ರಾಜ್ಯ ಸರ್ಕಾರ 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಪಹಣಿ ಯಾರ ಹೆಸರಿನಲ್ಲಿದೆ, ಸಾಲ ಎಲ್ಲಿಯದು ಎಂಬ ಪ್ರಶ್ನೆ ಬರುತ್ತದೆ. ಪಾಲಿಗೆ ಮಾಡಿದವನ ಹೆಂಡತಿ ಅಲ್ಲಿ ತಡವರಿಸುತ್ತಾಳೆ. ಸ್ವಂತ ಎರಡೆಕರೆ ಇದ್ದರೂ ಪಹಣಿಯಲ್ಲಿ ಮಾವನ ಹೆಸರೋ ಮಾವನ ಅಪ್ಪನ ಹೆಸರೋ ಇರುತ್ತದೆ. ಅತ್ತೆ-ಸೊಸೆ ಇಬ್ಬರೇ ಆ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಜೊತೆಗೆ ಬರುವ ಹತ್ತು ಮಂದಿ ಹಿರಿಯರು ಇರುವುದಿಲ್ಲ.

ಸವಾಲಿಗೆ ಹೊತ್ತಾಯಿತು. ನಾನು ಸಂಜೆಯ ಬಸ್ಸಿನವರೆಗೆ ಇಲ್ಲೇ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಪೌತಿ ಖಾತೆಗೆ ಅರ್ಜಿ ಬರೆಸಬೇಕಾದವರು ಇದ್ದರೆ ಮರಣ ಪತ್ರ, ಹಳೆಯ ಪಹಣಿ ತಂದುಕೊಡಿ. ಹಾಳೆ, ಪೆನ್ನು ನನ್ನ ಚೀಲದಲ್ಲಿವೆ.